ರುಚಿ ನೋಡುವುದು ಊಟವಲ್ಲ

ನಮ್ಮ ದೊಡ್ಡಮ್ಮ ಮೇಜು ಕುರ್ಚಿ ಮಾಡುವ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಾರೆ. ದೊಡ್ಡಮ್ಮ ಎಂದರೆ ನನ್ನ ತಂದೆಯ ಅಣ್ಣನ ಹೆಂಡತಿ. ಅದೇ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುವುದು, ಪಾತ್ರೆ ತೊಳೆಯುವುದು ನನ್ನ ಅಮ್ಮನ ಕೆಲಸ. ಓರಗಿತ್ತಿಯರಿಬ್ಬರೂ ಒಂದೇ ಗೋಡೆಯ ಆಚೀಚೆ ಇರುವ ಎರಡು ಮನೆಗಳಿಂದ ಬೆಳಿಗ್ಗೆ ಹೊರಟು, ಒಂದೇ ಅಡುಗೆಮನೆಯಲ್ಲಿ ದಿನ ಕಳೆದು, ಸಂಜೆ ಒಟ್ಟಿಗೆ ವಾಪಸ್ಸು ಬರುತ್ತಾರೆ. ದಾರಿಯಲ್ಲಿ ಮಾತು ಕಡಿಮೆ. ಮಾತಾಡಿದರೆ ಜಗಳಕ್ಕೆ ತಿರುಗುತ್ತದೆ ಎಂಬುದು ಇಬ್ಬರಿಗೂ ಗೊತ್ತು.

ಆ ಅಡುಗೆಮನೆ ರೈಲು ಡಬ್ಬಿಯ ಹಾಗೆ ಉದ್ದಕ್ಕಿದೆ. ಒಂದು ತುದಿಯಲ್ಲಿ ದೊಡ್ಡ ಗ್ಯಾಸ್ ಒಲೆಗಳು, ಇನ್ನೊಂದು ತುದಿಯಲ್ಲಿ ನೀರಿನ ತೊಟ್ಟಿ, ನಡುವೆ ತರಕಾರಿ ಹೆಚ್ಚುವ ಕಲ್ಲಿನ ಕಟ್ಟೆ. ಕಟ್ಟೆಯ ಆಚೆಗೆ ದೊಡ್ಡಮ್ಮನ ರಾಜ್ಯ. ಅಮ್ಮ ಅಲ್ಲಿಗೆ ಹೋಗುವುದು ಖಾಲಿ ಪಾತ್ರೆ ತರುವುದಕ್ಕೆ ಮಾತ್ರ. ಒಲೆಯ ಮೇಲಿರುವ ಪಾತ್ರೆಯ ಮುಚ್ಚಳ ತೆಗೆದು ನೋಡುವ ಹಕ್ಕು ಕೂಡ ಅಮ್ಮನಿಗಿರಲಿಲ್ಲ.

ದೊಡ್ಡಮ್ಮ ರುಚಿ ನೋಡುವ ಕ್ರಮ ಹೀಗಿತ್ತು. ಸೌಟನ್ನು ಪಾತ್ರೆಯ ಅಂಚಿಗೆ ಒಮ್ಮೆ ತಟ್ಟಿ, ಎಡಗೈಯ ಅಂಗೈಗೆ ಸ್ವಲ್ಪ ಸುರಿದುಕೊಂಡು, ಊದಿ, ನೆಕ್ಕುವುದು. ಆಮೇಲೆ ಕಣ್ಣು ಮುಚ್ಚಿ ಒಂದು ಕ್ಷಣ ನಿಲ್ಲುವುದು. ಬೇಳೆಗೊಂದು ಸಲ, ಪಲ್ಯಕ್ಕೊಂದು ಸಲ, ಉಪ್ಪು ಹಾಕುವ ಮುಂಚೆ, ಹಾಕಿದ ಮೇಲೆ, ಇಳಿಸುವಾಗ. ಅದರಲ್ಲೂ ಎಳ್ಳಿನ ಗ್ರೇವಿಗೆ ಎಷ್ಟು ಸಲ ಎಂದು ಲೆಕ್ಕವೇ ಇರಲಿಲ್ಲ. ಹುರಿದ ಎಳ್ಳನ್ನು ಅರೆದು ತರಕಾರಿಗೆ ಹಾಕಿ ಕುದಿಸುವ ಆ ಗ್ರೇವಿಯನ್ನು ದೊಡ್ಡಮ್ಮನೇ ಕಂಡುಹಿಡಿದದ್ದು. ಮರ ಇಳಿಸುವವರಿಂದ ಹಿಡಿದು ಆಫೀಸಿನವರವರೆಗೆ ಎಲ್ಲರೂ ಎರಡನೆಯ ಸಲ ಹಾಕಿಸಿಕೊಳ್ಳುತ್ತಿದ್ದದ್ದು ಅದೊಂದನ್ನೇ.

ಇಷ್ಟೆಲ್ಲ ಮಾಡಿದರೂ ದೊಡ್ಡಮ್ಮ ಮಧ್ಯಾಹ್ನ ಊಟ ಮಾಡುತ್ತಿರಲಿಲ್ಲ. ಯಾರಾದರೂ ಕೇಳಿದರೆ, "ಅಡುಗೆ ಮಾಡಿದೋರಿಗೆ ವಾಸನೇಲೇ ಹೊಟ್ಟೆ ತುಂಬಿಬಿಡುತ್ತೆ" ಎನ್ನುತ್ತಿದ್ದರು.

ಒಂದು ದಿನ ಬಡಿಸುವ ಹೊತ್ತಿಗೆ ಅವರ ಕೆಳತುಟಿ ಊದಿಕೊಂಡಿತು. ಕುತ್ತಿಗೆಯ ಮೇಲೆ ಕೆಂಪು ದದ್ದು ಎದ್ದಿತ್ತು. ಸಾಲಿನಲ್ಲಿ ಮೊದಲು ನಿಂತಿದ್ದ ಬಡಗಿಗೆ ದೊಡ್ಡ ಮೀಸೆ. ಎಲ್ಲರೂ ಅವನನ್ನು ಮೀಸೆ ಬಡಗಿ ಎಂದೇ ಕರೆಯುವುದು.

"ಏನಕ್ಕಾ ತುಟಿ ಹಂಗಾಗಿದೆ? ಜೇನುಹುಳ ಕಚ್ಚಿತಾ?"

"ನಿನ್ನ ನಾಲಿಗೆ ಕಚ್ಚಿತು. ತಟ್ಟೆ ಹಿಡಿ" ಎಂದರು ದೊಡ್ಡಮ್ಮ.

ಸಂಜೆಗೆ ಊತ ಇಳಿಯಿತು. ಮರುದಿನ ಏನೂ ಆಗಲಿಲ್ಲ. ಅದರ ಮರುದಿನ ಮತ್ತೆ ಊದಿತು. ಎಳ್ಳಿನ ಗ್ರೇವಿ ದಿನ ಬಿಟ್ಟು ದಿನ ಆಗುತ್ತಿತ್ತು ಎಂಬುದು ಆಗ ಯಾರ ತಲೆಗೂ ಹೊಳೆಯಲಿಲ್ಲ.

ಮೊದಲು ಅನುಮಾನ ಬಂದದ್ದು ಮರದ ಹುಡಿಯ ಮೇಲೆ. ಅಡುಗೆಮನೆಯ ಕಿಟಕಿ ಮರ ಕೊಯ್ಯುವ ಶೆಡ್ಡಿನ ಕಡೆಗಿದೆ. ದೊಡ್ಡಮ್ಮ ಕಿಟಕಿ ಮುಚ್ಚಿಸಿದರು, ಸಂದಿಗೆ ಬಟ್ಟೆ ತುರುಕಿದರು. ಒಳಗೆ ಸೆಖೆಯಲ್ಲಿ ಅಮ್ಮ ಬೆಂದುಹೋದರು, ದೊಡ್ಡಮ್ಮನ ತುಟಿ ಮಾತ್ರ ಊದುವುದು ಬಿಡಲಿಲ್ಲ.

ಆಮೇಲೆ ಅಕ್ಕಪಕ್ಕದವರು ಮನೆಮದ್ದು ಹೇಳಲು ಶುರು ಮಾಡಿದರು. ಒಬ್ಬರು ಬೆಳಿಗ್ಗೆ ಬಿಸಿನೀರಿಗೆ ಜೇನು ಎಂದರು. ಇನ್ನೊಬ್ಬರು ಜೇನು ಬೇಡ, ಶುಂಠಿ ಎಂದರು. ದೊಡ್ಡಮ್ಮ ಎರಡನ್ನೂ ಕುಡಿದರು. ಕೊನೆಗೆ ಗಿಡಮೂಲಿಕೆ ಅಂಗಡಿಯ ತಾತನ ಹತ್ತಿರ ಹೋದರು. ತಾತ ಔಷಧಿ ಕೊಡಲಿಲ್ಲ.

"ಬೇರು ನಾರು ಆಮೇಲೆ ನೋಡೋಣಮ್ಮ. ನಿನಗೆ ಆಗದೇ ಇರೋದು ಯಾವುದೋ ಹೊಟ್ಟೆಗೆ ಹೋಗ್ತಾ ಇದೆ. ಒಂದೊಂದೇ ಪದಾರ್ಥ ಬಿಡ್ತಾ ಬಾ. ಯಾವುದು ಬಿಟ್ಟಾಗ ಊತ ನಿಲ್ಲುತ್ತೋ ಅದೇ ಕಳ್ಳ. ಕೆಲಸದ ಜಾಗದಲ್ಲಿ ಏನು ತಿಂತೀಯ?"

"ಅಲ್ಲಿ ಏನೂ ತಿನ್ನಲ್ಲ ತಾತ. ಒಂದು ತುತ್ತೂ ಇಲ್ಲ."

ಇದು ಸುಳ್ಳಲ್ಲ. ದೊಡ್ಡಮ್ಮ ಸುಳ್ಳು ಹೇಳುವವರಲ್ಲ. ಅವರ ಮಟ್ಟಿಗೆ ತಿನ್ನುವುದು ಎಂದರೆ ತಟ್ಟೆ ಹಾಕಿಕೊಂಡು ಕೂರುವುದು. ಅಂಗೈ ನೆಕ್ಕುವುದು ಕೆಲಸ. ಬಡಗಿ ಉಳಿ ಹಿಡಿದ ಹಾಗೆ.

ಮೊದಲು ಮೊಟ್ಟೆ ಬಿಟ್ಟರು. ಆಮೇಲೆ ಹಾಲು, ಗೋಧಿ, ಬದನೆಕಾಯಿ, ನೆಲಗಡಲೆ. ಮನೆಯಲ್ಲಿ ಅವರು ಒಂದನ್ನು ಬಿಟ್ಟರೆ ಮನೆಮಂದಿಯೆಲ್ಲ ಬಿಟ್ಟ ಹಾಗೆಯೇ, ಏಕೆಂದರೆ ಎರಡು ಬಗೆ ಅಡುಗೆ ಮಾಡುವ ಶಕ್ತಿ ಅವರಿಗೆ ಉಳಿದಿರಲಿಲ್ಲ. ಕೊನೆಗೆ ಅನ್ನ ಮತ್ತು ಬೇಯಿಸಿದ ಸೋರೆಕಾಯಿಗೆ ಬಂದು ನಿಂತಿತು.

"ಅಲರ್ಜಿ ಇವಳಿಗೆ, ಸೋರೆಕಾಯಿ ಶಿಕ್ಷೆ ನನಗೆ" ಎಂದು ದೊಡ್ಡಪ್ಪ ನಮ್ಮ ಮನೆಯ ಕಡೆ ಗೋಡೆಗೆ ಕೇಳಿಸುವ ಹಾಗೆ ಹೇಳುತ್ತಿದ್ದರು. ಅಮ್ಮ ಗುಟ್ಟಾಗಿ ಅವರಿಗೊಂದು ಆಮ್ಲೆಟ್ ಕಳಿಸುತ್ತಿದ್ದರು.

ದೊಡ್ಡಮ್ಮ ಕಡ್ಡಿಯಾದರು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಊತ ಮಾತ್ರ ದಿನ ಬಿಟ್ಟು ದಿನ ತಪ್ಪದೆ ಬರುತ್ತಿತ್ತು. ಒಂದು ಮಧ್ಯಾಹ್ನ ಬಡಿಸುತ್ತಿದ್ದವರು ಸೌಟು ಬಿಟ್ಟು ಕುತ್ತಿಗೆ ಹಿಡಿದುಕೊಂಡರು. ಗಂಟಲು ಬಿಗಿದು ಉಸಿರು ಎಳೆಯಲು ಆಗುತ್ತಿರಲಿಲ್ಲ. ಮೀಸೆ ಬಡಗಿಯೇ ಗಾಡಿ ತಂದ. ಅಮ್ಮ ಒದ್ದೆ ಕೈಯಲ್ಲೇ ಅವರನ್ನು ಹತ್ತಿಸಿಕೊಂಡು ಆಸ್ಪತ್ರೆಗೆ ಓಡಿದರು.

ಇಂಜೆಕ್ಷನ್ ಕೊಟ್ಟ ಮೇಲೆ ಉಸಿರು ಸರಾಗವಾಯಿತು. ಡಾಕ್ಟರಮ್ಮ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು, ಇವತ್ತು ಏನೇನು ತಿಂದಿರಿ ಎಂದು ಕೇಳಿದರು. ದೊಡ್ಡಮ್ಮ ಬೆಳಿಗ್ಗೆ ಅನ್ನ ಸೋರೆಕಾಯಿ, ಆಮೇಲೆ ಏನೂ ಇಲ್ಲ ಎಂದರು. ನಾಡಿ ನೋಡಲು ಕೈ ಹಿಡಿದಿದ್ದ ಡಾಕ್ಟರಮ್ಮ ಅಂಗೈ ತಿರುಗಿಸಿ ನೋಡಿದರು. ನಡುವೆ ಕೆಂಪಗೆ, ಒರಟಾಗಿ ಎದ್ದಿತ್ತು. ಇನ್ನೊಂದು ಕೈ ನೋಡಿದರು. ಅದು ಸರಿಯಾಗಿಯೇ ಇತ್ತು.

"ಈ ಅಂಗೈ ಮಾತ್ರ ಯಾಕೆ ಹೀಗಾಗಿದೆ?"

"ಬಿಸಿ ಬಿದ್ದು ಬಿದ್ದು ಹಂಗಾಗಿದೆ" ಎಂದರು ದೊಡ್ಡಮ್ಮ.

"ಅದು ರುಚಿ ನೋಡೋ ಕೈ ಡಾಕ್ಟ್ರೇ" ಎಂದರು ಅಮ್ಮ. ಹೇಳಿ ಮುಗಿಸುವ ಮುಂಚೆಯೇ ಅಮ್ಮನಿಗೆ ಹೊಳೆಯಿತಂತೆ. "ಅಯ್ಯೋ ಅಕ್ಕಾ! ಬೆಳಿಗ್ಗೆಯಿಂದ ಸೌಟುಗಟ್ಟಲೆ ತಿಂದಿದ್ದೀಯಲ್ಲೇ!"

"ಯಾರು ತಿಂದರು? ರುಚಿ ನೋಡಿದೆ."

"ರುಚಿ ನೋಡಿದ್ದು ಎಲ್ಲಿಗೆ ಹೋಗುತ್ತೆ? ಅಡ್ರೆಸ್ ಕೇಳ್ಕೊಂಡು ಪಕ್ಕದ ಮನೆಗೆ ಹೋಗುತ್ತಾ?"

"ರುಚಿ ನೋಡೋದು ಊಟ ಅಲ್ಲ ಕಣೇ!"

"ನಿನಗಲ್ಲ, ಹೊಟ್ಟೆಗೆ ಏನು ಗೊತ್ತು?"

ಡಾಕ್ಟರಮ್ಮ ನಗು ತಡೆದುಕೊಂಡು, ಏನೇನು ರುಚಿ ನೋಡಿದಿರಿ ಎಂದು ಕೇಳಿದರು. ಕೆಲವು ದಿನ ಬಿಟ್ಟು ಬರಹೇಳಿ, ಮುಂಗೈ ಮೇಲೆ ಬೇರೆ ಬೇರೆ ಪದಾರ್ಥದ ಹನಿ ಇಟ್ಟು ಸೂಜಿಯಿಂದ ಮೆಲ್ಲಗೆ ಚುಚ್ಚಿ ಪರೀಕ್ಷೆ ಮಾಡಿದರು. ಮೊಟ್ಟೆಯ ಹನಿ ಹಾಗೇ ಇತ್ತು. ಹಾಲಿನದೂ ಗೋಧಿಯದೂ ಹಾಗೇ ಇದ್ದವು. ಎಳ್ಳಿನ ಹನಿ ಇಟ್ಟ ಜಾಗ ಸೊಳ್ಳೆ ಕಚ್ಚಿದ ಹಾಗೆ ದಪ್ಪಗೆ ಎದ್ದಿತು.

"ಎಳ್ಳು ಬಾಯಿಗೂ ಬೇಡ, ಕೈಗೂ ಬೇಡ. ಮಿಕ್ಕಿದ್ದೆಲ್ಲ ತಿನ್ನಿ, ಸುಮ್ಮನೆ ಉಪವಾಸ ಮಾಡಿದ್ದೀರ. ಜೇನು, ಶುಂಠಿ ಇಷ್ಟ ಇದ್ರೆ ಕುಡೀರಿ, ತೊಂದರೆ ಇಲ್ಲ. ಆದ್ರೆ ಗಂಟಲು ಬಿಗಿದ ದಿನ ಅದನ್ನ ನಂಬಿ ಮನೇಲಿ ಕೂತ್ಕೋಬೇಡಿ, ತಕ್ಷಣ ಇಲ್ಲಿಗೆ ಬನ್ನಿ" ಎಂದರು ಡಾಕ್ಟರಮ್ಮ.

ಕಳ್ಳ ಸಿಕ್ಕಿದ ಮೇಲೆ ಕಷ್ಟ ಮುಗಿಯಬೇಕಿತ್ತು, ಶುರುವಾಯಿತು. ಕಾರ್ಖಾನೆಯ ಮ್ಯಾನೇಜರು ದೊಡ್ಡಮ್ಮನನ್ನು ಕರೆಸಿದರು. ಕೆಟ್ಟ ಮನುಷ್ಯರೇನಲ್ಲ, ಆದರೆ ಕ್ಯಾಂಟೀನಿನಲ್ಲಿ ಅಡುಗೆಯವರು ಉಸಿರುಗಟ್ಟಿ ಬಿದ್ದದ್ದು ಅವರಿಗೆ ಭಯ ಹುಟ್ಟಿಸಿತ್ತು. "ಅಮ್ಮಾ, ನಿಮ್ಮ ಗ್ರೇವಿ ಇಲ್ಲದಿದ್ರೆ ಹುಡುಗರು ಹೊರಗಡೆ ಊಟಕ್ಕೆ ಹೋಗ್ತಾರೆ. ಹೋದೋರು ಹೊತ್ತಿಗೆ ಸರಿಯಾಗಿ ಬರಲ್ಲ. ಎಳ್ಳಿಲ್ಲದೆ ಊಟ ನಡೆಯುತ್ತೆ ಅಂತಾದ್ರೆ ನೀವೇ ಇರಿ. ನಡೆಯಲ್ಲ ಅಂದ್ರೆ ಒಲೆ ನಿಮ್ಮ ಓರಗಿತ್ತಿಗೆ ಬಿಡಿ, ನೀವು ತರಕಾರಿ ನೋಡ್ಕೊಳ್ಳಿ. ಸಂಬಳ ಕಮ್ಮಿ ಮಾಡಲ್ಲ" ಎಂದರು.

ದೊಡ್ಡಮ್ಮನಿಗೆ ಸಂಬಳದ ಮಾತು ಕೇಳಿಸಲೇ ಇಲ್ಲ. ಕಟ್ಟೆಯ ಈಚೆಗೆ ಬರಬೇಕು ಎಂಬುದಷ್ಟೇ ಕೇಳಿಸಿತು.

ಅಮ್ಮನಿಗೆ ಒಲೆಯ ಆಸೆ ಇರಲಿಲ್ಲ ಎಂದು ಬರೆದರೆ ತಪ್ಪಾಗುತ್ತದೆ. ಇತ್ತು. ಅವತ್ತು ಸಂಜೆ ದಾರಿಯಲ್ಲಿ ದೊಡ್ಡಮ್ಮನೇ ಮೊದಲು ಮಾತೆತ್ತಿದರು.

"ನಿನಗೆ ಖುಷಿಯಾಗಿರಬೇಕು."

"ಸ್ವಲ್ಪ ಆಯ್ತು" ಎಂದರು ಅಮ್ಮ. "ಆದ್ರೆ ನೀನು ತೊಟ್ಟಿ ಮುಂದೆ ಕೂತು ನನ್ನ ಅಡುಗೇನ ಆಡ್ಕೋತಾ ಇದ್ರೆ ನಾನು ಬದುಕೋದು ಹೇಗೆ? ಬೇಡಮ್ಮ. ಎಳ್ಳಿನ ಬದಲು ಬೇರೆ ಏನಾದ್ರೂ ಅರೆದು ನೋಡು."

ದೊಡ್ಡಮ್ಮ ನೋಡಿದರು. ಹುರಿದ ಅಕ್ಕಿ ಅರೆದು ಹಾಕಿದರೆ ಗ್ರೇವಿ ಅಂಟಿನ ಹಾಗಾಯಿತು, ಕುರ್ಚಿಯ ಕಾಲು ಅಂಟಿಸಬಹುದು ಎಂದರು ಬಡಗಿಗಳು. ನೆಲಗಡಲೆ ಹಾಕಿದರೆ ರುಚಿಯೇನೋ ಬಂತು, ಆದರೆ ಆಫೀಸಿನಲ್ಲಿ ಒಬ್ಬರಿಗೆ ಅದು ಆಗುವುದಿಲ್ಲ ಎಂದು ಗೊತ್ತಾಯಿತು. ತನ್ನ ಗಂಟಲು ಬಿಗಿದದ್ದು ನೆನೆದು ದೊಡ್ಡಮ್ಮ ಆ ಪಾತ್ರೆಯನ್ನು ಬಡಿಸುವ ಮುಂಚೆಯೇ ಇಳಿಸಿದರು. ಆಮೇಲೆ ಅಮ್ಮ ಹೆಚ್ಚುವಾಗ ದಿನವೂ ಬುಟ್ಟಿಗೆ ಎಸೆಯುತ್ತಿದ್ದ ಕುಂಬಳಕಾಯಿ ಬೀಜ ಕಣ್ಣಿಗೆ ಬಿತ್ತು. ತೊಳೆದು, ಒಣಗಿಸಿ, ಸಿಪ್ಪೆ ಸುಲಿದು, ಹುರಿದು ಅರೆದರು. ಡಾಕ್ಟರಮ್ಮನನ್ನು ಕೇಳಿಕೊಂಡು, ಮೊದಲು ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ಒಂದು ಚಿಟಿಕೆ ತಿಂದು ಕಾದರು. ಏನೂ ಆಗಲಿಲ್ಲ.

ಕುಂಬಳದ ಬೀಜದ ಗ್ರೇವಿ ಹಸಿರು ಬಣ್ಣಕ್ಕೆ ಬಂತು. ಮೀಸೆ ಬಡಗಿ ಅನ್ನಕ್ಕೆ ಕಲಸಿ ಬಾಯಿಗಿಟ್ಟು ನಿಧಾನವಾಗಿ ಅಗಿದ.

"ಇದು ಅದಲ್ಲ ಅಕ್ಕಾ."

"ಅದಲ್ಲ ಅಂತ ನನಗೂ ಗೊತ್ತು. ಇದು ಹೇಗಿದೆ ಹೇಳು."

"ಊಟ ಆಗುತ್ತೆ."

ಎರಡನೆಯ ಸಲ ಯಾರೂ ಹಾಕಿಸಿಕೊಳ್ಳಲಿಲ್ಲ. ಹೊರಗಡೆ ಊಟಕ್ಕೂ ಯಾರೂ ಹೋಗಲಿಲ್ಲ. ಮ್ಯಾನೇಜರು ಒಲೆ ದೊಡ್ಡಮ್ಮನಿಗೇ ಬಿಟ್ಟರು. ಆದರೆ ಶನಿವಾರ ಒಂದು ದಿನವಾದರೂ ಹಳೆಯ ಗ್ರೇವಿ ಬೇಕು, ಅವತ್ತು ಬೇಕಾದರೆ ಬೇರೆ ಯಾರಾದರೂ ಮಾಡಲಿ ಎಂದರು.

ದೊಡ್ಡಮ್ಮ ಎರಡು ದಿನ ಪಾತ್ರೆಗಳನ್ನು ದಡಬಡ ಕುಕ್ಕುತ್ತಾ ಅಡುಗೆ ಮಾಡಿದರು. ತನ್ನದೇ ಗ್ರೇವಿಯನ್ನು ಬೇರೆಯವರ ಕೈಗೆ ಕೊಡುವುದು ಎಂದರೆ ಅವರಿಗೆ ಸೊಸೆಗೆ ಬೀಗದ ಕೈ ಕೊಟ್ಟ ಹಾಗೆ. ಮೂರನೆಯ ದಿನ ಗೋಡೆ ತಟ್ಟಿ ಅಮ್ಮನನ್ನು ಕರೆದರು. ಎಳ್ಳಿಗೆ ಬೇರೆ ಪಾತ್ರೆ, ಬೇರೆ ಸೌಟು, ಬೇರೆ ಅರೆಯುವ ಕಲ್ಲು. ಮುಗಿದ ಮೇಲೆ ಅಮ್ಮನೇ ಒಲೆ, ಕಟ್ಟೆ ಎಲ್ಲ ಸೋಪು ಹಾಕಿ ತೊಳೆಯಬೇಕು. ಶನಿವಾರ ತಾನು ಒಳಗೆ ಕಾಲಿಡುವುದಿಲ್ಲ. ಇದಕ್ಕೆ ಒಪ್ಪಿದರೆ ಕಲಿಸುತ್ತೇನೆ ಎಂದರು. ಅಮ್ಮ ಒಪ್ಪಿದರು.

ಮೊದಲ ಶನಿವಾರ ದೊಡ್ಡಮ್ಮ ಹಿತ್ತಲ ಬಾಗಿಲಿನಿಂದಾಚೆ, ಹೊಗೆ ಬಾರದ ಕಡೆ, ಒಂದು ಮುರುಕು ಸ್ಟೂಲಿನ ಮೇಲೆ ಕೂತರು. ಒಳಗೆ ಅಮ್ಮ ಬಾಣಲೆಗೆ ಎಳ್ಳು ಸುರಿದರು.

"ಬಣ್ಣ ಹೇಗಿರಬೇಕು ಅಕ್ಕಾ?"

"ಬಣ್ಣ ನೋಡಬೇಡ, ಬಣ್ಣ ಮೋಸ ಮಾಡುತ್ತೆ. ಸದ್ದು ಕೇಳು."

"ಕೇಳಿಸ್ತಾ ಇಲ್ಲ."

"ನೀನು ಬಾಯಿ ಮುಚ್ಚಿದ್ರೆ ಕೇಳಿಸುತ್ತೆ."

ಅಮ್ಮ ಬಾಯಿ ಮುಚ್ಚಿದರು. ಚಿಟಪಟ ಸದ್ದು ಜೋರಾಯಿತು, ಆಮೇಲೆ ಬಿಡಿಬಿಡಿಯಾಯಿತು. ದೊಡ್ಡಮ್ಮ ಹೊರಗಿನಿಂದಲೇ, "ಈಗ! ಇಳಿಸು!" ಎಂದು ಕೂಗಿದರು. ಅಮ್ಮ ಇಳಿಸಿದರು.

ಅರೆದು, ಕುದಿಸಿ, ಉಪ್ಪು ಹಾಕಿದ ಮೇಲೆ ಅಮ್ಮ ಒಂದು ಲೋಟಕ್ಕೆ ಸ್ವಲ್ಪ ಬಗ್ಗಿಸಿಕೊಂಡು ಚಮಚದಲ್ಲಿ ಬಾಯಿಗಿಟ್ಟರು.

"ಸರಿಯಾಗಿದೆ ಅಕ್ಕಾ."

"ಸರಿಯಾಗಿದೆ ಅಂದ್ರೆ ನನಗೇನು ಗೊತ್ತಾಗುತ್ತೆ? ಹೇಗೆ ಸರಿಯಾಗಿದೆ ಹೇಳು."

ಅಮ್ಮ ಇನ್ನೊಂದು ಚಮಚ ಬಾಯಿಗಿಟ್ಟರು. ಊಟದ ಗಂಟೆ ಹೊಡೆಯಿತು. ಮುಂದಿನ ಊಟದ ಕೋಣೆಯಲ್ಲಿ ತಟ್ಟೆಗಳ ಸದ್ದು ಶುರುವಾಯಿತು. ದೊಡ್ಡಮ್ಮ ಸ್ಟೂಲಿನಿಂದ ಎದ್ದು ನಿಂತರು, ಒಳಗೆ ಬರಲಿಲ್ಲ.

"ಬಾಯಿಗಿಟ್ಟಾಗ ಉಪ್ಪು ಗೊತ್ತಾಗಲ್ಲ" ಎಂದರು ಅಮ್ಮ ಯೋಚಿಸಿ. "ನುಂಗಿದ ಮೇಲೆ ಗೊತ್ತಾಗುತ್ತೆ."

"ಹಾಂ, ಅದೇ ನನ್ನ ಗ್ರೇವಿ. ಹಾಗಿದ್ರೆ ಬಡಿಸು" ಎಂದರು ದೊಡ್ಡಮ್ಮ.