ಬುಧವಾರದ ನೇರ ಗೆರೆ

ನೀರು ಶುದ್ಧೀಕರಣ ಘಟಕದಲ್ಲಿ ವಾರದ ವರದಿ ತಯಾರಿಸುವ ಹೆಂಗಸಿಗೆ ಅಲ್ಲಿಯವರು ಇಟ್ಟ ಹೆಸರು ಅನುಮಾನದಕ್ಕ. ಎದುರಿಗೆ ಬರೀ ಅಕ್ಕ. ಮನೆಗೆ ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುವವಳು, ಹಾಲನ್ನು ಕಾಯಿಸುವ ಮೊದಲೊಮ್ಮೆ, ಕಾಯಿಸಿದ ಮೇಲೊಮ್ಮೆ ಮೂಸುವವಳು. ಗಡಿಯಾರ ರಿಪೇರಿ ಮಾಡುವ ಗಂಡ, "ನನ್ನನ್ನೂ ಹೀಗೇ ಮೂಸಿ ನೋಡಿ ಮದುವೆ ಆದಳು" ಎಂದು ನೆಂಟರೆದುರು ತಮಾಷೆ ಮಾಡುತ್ತಿದ್ದ.

ನೀರಿನಲ್ಲಿ ಕ್ಲೋರಿನ್ ಎಷ್ಟಿದೆ ಎಂದು ಗಂಟೆಗೊಮ್ಮೆ ಅಳೆಯುವ ಮೀಟರೊಂದಿತ್ತು. ಅದರ ಅಂಕಿಗಳನ್ನು ಆಕೆ ಗ್ರಾಫ್ ಮಾಡಬೇಕು. ಅದಕ್ಕೆ ಬಳಸುತ್ತಿದ್ದದ್ದು ಯಾರು ಬೇಕಾದರೂ ಪುಕ್ಕಟೆ ಬಳಸಿ, ಬೇಕಾದರೆ ತಿದ್ದಬಹುದಾದ ಗ್ರಾಫ್ ಲೈಬ್ರರಿ, ಅಂದರೆ ಅಂಕಿ ಕೊಟ್ಟರೆ ಗೆರೆ ಎಳೆದುಕೊಡುವ ಸಿದ್ಧ ಪ್ರೋಗ್ರಾಮುಗಳ ಕಂತೆ. ಅದರ ಹೊಸ ಆವೃತ್ತಿ ಹಾಕಿಕೊಂಡು ತಿಂಗಳಾಗಿತ್ತು.

ಒಂದು ದಿನ ಗ್ರಾಫ್ ನೋಡುತ್ತಿದ್ದವಳ ತಲೆಗೆ ಹುಳ ಹೊಕ್ಕಿತು. ಬುಧವಾರ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಗೆರೆ ಅಡಿಕೋಲು ಇಟ್ಟು ಎಳೆದಷ್ಟು ನೇರ. ಹಿಂದಿನ ವಾರವೂ ಹಾಗೇ, ಅದರ ಹಿಂದಿನ ವಾರವೂ ಹಾಗೇ. ಆ ಹೊತ್ತಿಗೆ ಮೀಟರನ್ನು ಬಿಚ್ಚಿ ತೊಳೆಯುತ್ತಾರೆ. ಬಿಚ್ಚಿಟ್ಟ ಮೀಟರು ಅಳೆಯುವುದು ಹೇಗೆ? ಕೂತಲ್ಲೇ ಅಂಕಿ ಹುಟ್ಟಿಸಿದ್ದಾರೆ ಎಂದುಕೊಂಡು, ಮೀಟರ್ ನೋಡಿಕೊಳ್ಳುವ ಹಿರಿಯ ಆಪರೇಟರನ ಕೋಣೆಗೆ ನಡೆದಳು.

"ಅಣ್ಣ, ಬುಧವಾರ ತೊಳೆಯೋ ಹೊತ್ತಿನ ಅಂಕಿ ಎಲ್ಲಿಂದ ಬಂತು?"

"ಎಲ್ಲಿಂದ ಬರುತ್ತೆ ತಂಗಿ? ಪಟ್ಟಿಯಲ್ಲಿ ಆ ಹೊತ್ತಿನ ಮನೆಗಳನ್ನ ಖಾಲಿ ಬಿಟ್ಟಿದ್ದೀನಲ್ಲ."

"ಗ್ರಾಫಲ್ಲಿ ಗೆರೆ ಇದೆ."

ಆತ ಸ್ಪ್ಯಾನರ್ ಕೆಳಗಿಟ್ಟ. "ಗ್ರಾಫ್ ಮಾಡೋದು ನಾನಾ ಮೇಡಂ?"

ತಂಗಿ ಹೋಗಿ ಮೇಡಂ ಬಂದದ್ದು ಆಕೆಗೆ ಚುರುಕ್ಕೆಂದಿತು. ಆದರೂ ಅನುಮಾನ ಬಿಡಲಿಲ್ಲ. ಆತ ಈಗ ಹೋಗಿ ಅಂಕಿಗಳನ್ನು ಅಳಿಸಿಬಿಟ್ಟರೆ ಎಂದು, ತಾನು ಮೊದಲೇ ತೆಗೆದಿಟ್ಟಿದ್ದ ಫೈಲಿನ ಪ್ರತಿಯನ್ನು ತೆರೆದಳು. ಬುಧವಾರದ ಮನೆಗಳು ಖಾಲಿಯೇ ಇದ್ದವು. ಮನುಷ್ಯ ಸತ್ಯವನ್ನೇ ಹೇಳಿದ್ದ.

ಹಾಗಾದರೆ ಗೆರೆ ಎಳೆದವರು ಯಾರು? ತನ್ನ ಪ್ರೋಗ್ರಾಮನ್ನು ಸಾಲುಸಾಲಾಗಿ ಓದಿದಳು, ತಪ್ಪು ಸಿಗಲಿಲ್ಲ. ಮೂಲೆಯ ಹಳೆ ಕಂಪ್ಯೂಟರಿನಲ್ಲಿ ಲೈಬ್ರರಿಯ ಹಳೆ ಆವೃತ್ತಿ ಇತ್ತು. ಅದೇ ಫೈಲು, ಅದೇ ಪ್ರೋಗ್ರಾಮು ಹಾಕಿದರೆ ಅಲ್ಲಿ ಬುಧವಾರ ಗೆರೆ ತುಂಡಾಗಿ, ಇರಬೇಕಾದ ಕಡೆ ಬಿಡುವು ಕಾಣಿಸಿತು. ಸಾವಿರಾರು ಜನ ಬಳಸುವ ಲೈಬ್ರರಿಯೇ ಖಾಲಿ ಜಾಗದ ಮೇಲೆ ಗೆರೆ ಜೋಡಿಸುತ್ತಿತ್ತು.

ಇಂಗ್ಲಿಷಿನಲ್ಲಿ ತಡವರಿಸುತ್ತ ಅದರ ಜಾಲತಾಣದಲ್ಲಿ ದೂರು ಬರೆದು, ಇಡೀ ಫೈಲನ್ನು ಲಗತ್ತಿಸಿದಳು. ಎರಡು ದಿನ ಬಿಟ್ಟು ಲೈಬ್ರರಿಯ ಉಸ್ತುವಾರಿ ನೋಡುವವನಿಂದ ಉತ್ತರ ಬಂತು: "ನಮ್ಮಲ್ಲಿ ಹಾಗಾಗುತ್ತಿಲ್ಲ. ನಿಮ್ಮ ಫೈಲನ್ನೇ ಪರೀಕ್ಷಿಸಿ." ದೂರಿನ ಮೇಲೆ 'ಮುಗಿದಿದೆ' ಎಂದೂ ಬಿದ್ದಿತ್ತು.

"ತಪ್ಪು ಮುಚ್ಚಿ ಹಾಕ್ತಿದ್ದಾನೆ" ಎಂದಳು, ಪಾತ್ರೆ ಒರೆಸುತ್ತಿದ್ದ ಗಂಡನಿಗೆ.

"ನೀನು ಆಪರೇಟರನ್ನ ನಂಬಲಿಲ್ಲ, ಈ ಲೈಬ್ರರಿಯವನು ನಿನ್ನ ನಂಬಲಿಲ್ಲ. ಇಡೀ ಗಡಿಯಾರ ಎತ್ತಿಕೊಟ್ಟರೆ ಅವನಾದರೂ ಏನ್ ಮಾಡ್ತಾನೆ? ಕೆಟ್ಟ ಚಕ್ರ ಒಂದನ್ನೇ ಬಿಚ್ಚಿ ಕೊಡು."

ಮರುದಿನ ಬಿಚ್ಚಲು ಕೂತಳು. ಬಣ್ಣ ತೆಗೆದಳು, ಶೀರ್ಷಿಕೆ ತೆಗೆದಳು; ಗೆರೆ ಕೂಡಿಕೊಂಡೇ ಇತ್ತು. ವಾರದ ನೂರ ಅರವತ್ತೆಂಟು ಸಾಲುಗಳಲ್ಲಿ ಮೇಲಿನ ಭಾನುವಾರದ ಸಾಲುಗಳನ್ನು ಕಿತ್ತಾಗ ಮಾತ್ರ ಗೆರೆ ಸರಿಯಾಗಿ ತುಂಡಾಯಿತು. ಕೆಳಗಿನಿಂದ ಮೇಲಕ್ಕೆ ಒಂದೊಂದೇ ಸಾಲನ್ನು ವಾಪಸು ಸೇರಿಸಿದಳು. ಮೊಟ್ಟಮೊದಲ ಸಾಲು ಬಂದ ಕೂಡಲೇ ಗೆರೆ ಮತ್ತೆ ಕೂಡಿತು. ವಾರದ ಲೆಕ್ಕ ಶುರುವಾಗುವುದು ಭಾನುವಾರ ಬೆಳಿಗ್ಗೆ ಆರಕ್ಕೆ; ಆಗಲೂ ಒಂದು ಗಂಟೆ ಮೀಟರ್ ತೊಳೆಯುತ್ತಿದ್ದರಿಂದ ಆ ಮೊದಲ ಮನೆಯೇ ಖಾಲಿ. ಮೊದಲನೆಯದು ಖಾಲಿಯಿದ್ದರೆ ಹೊಸ ಆವೃತ್ತಿ ಮುಂದಿನ ಎಲ್ಲ ಖಾಲಿಗಳನ್ನೂ ನುಂಗಿ ಗೆರೆ ಎಳೆಯುತ್ತಿತ್ತು.

ಆರೇ ಆರು ಸಾಲಿನ ಉದಾಹರಣೆ ಕಳಿಸಿದಳು. ಈ ಸಲ ಗಂಟೆಯೊಳಗೆ ಉತ್ತರ: "ನಮ್ಮ ಪರೀಕ್ಷೆಗಳೆಲ್ಲ ಅಂಕಿಯಿಂದಲೇ ಶುರುವಾಗುತ್ತಿದ್ದವು, ಖಾಲಿ ಮನೆಯಿಂದಲ್ಲ. ನಿಮ್ಮ ಫೈಲನ್ನು ನಾನು ತೆರೆದೇ ನೋಡಿರಲಿಲ್ಲ. ತಪ್ಪು ನಮ್ಮದು." ಹತ್ತು ದಿನಕ್ಕೆ ತಿದ್ದಿದ ಆವೃತ್ತಿ ಬಂತು. ಅದನ್ನೂ ಆಕೆ ಸುಮ್ಮನೆ ನಂಬಲಿಲ್ಲ. ಮೂರು ತಿಂಗಳ ಫೈಲುಗಳನ್ನೆಲ್ಲ ಹಾಕಿ ನೋಡಿದ ಮೇಲೆಯೇ 'ಸರಿಯಾಗಿದೆ' ಎಂದು ಬರೆದಳು.

ಆಮೇಲೆ ಹೊಸ ಗ್ರಾಫ್ ಹಿಡಿದು ಆಪರೇಟರನ ಬಳಿ ಹೋದಳು. "ಅಣ್ಣ, ತಪ್ಪು ನನ್ನ ಕಡೆಯದು. ನಿಮ್ಮನ್ನ ಹಾಗೆ ಕೇಳಬಾರದಿತ್ತು."

ಆತ ಗ್ರಾಫನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಬಳಿಕ ಮೀಟರಿನ ಅಂಕಿ ಬರೆದಿಡುವ ತನ್ನ ಪುಸ್ತಕ ತೆರೆದು, ಆ ಬುಧವಾರದ ಖಾಲಿ ಮನೆಗಳ ಪಕ್ಕ ಬೆರಳಿಟ್ಟ. "ಇನ್ಮೇಲೆ ಇಲ್ಲಿ ನಿಮ್ಮದೂ ಒಂದು ಸಹಿ ಇರಲಿ ಮೇಡಂ. ನಾಳೆ ಯಾವ ಲೈಬ್ರರಿ ಏನು ಹೇಳುತ್ತೋ ಯಾರಿಗೆ ಗೊತ್ತು."

ಆಕೆ ಪೆನ್ನು ತೆಗೆದು ಸಹಿ ಹಾಕಿದಳು. ಆತ ಅದನ್ನು ಒಮ್ಮೆ ಓದಿ, ತಾರೀಕನ್ನೂ ಬರೆಯಿರಿ ಎಂದ.