ಐದನೆಯ ಸಾಲಿನ ಪ್ರಾಸ

ಕಲಬುರಗಿಯಲ್ಲಿ ಯಾರಾದರೂ ಪ್ರಾಸ ತಪ್ಪಿ ಪದ್ಯ ಓದಿದರೆ, ಕಮಲಾಪುರದಲ್ಲಿ ರೊಟ್ಟಿ ಬಡಿಯುತ್ತಿದ್ದ ಪ್ರೊ. ಪುತಳಾಬಾಯಿಯವರು ಒಲೆಯ ಮುಂದೆ ಕುಳಿತೇ 'ಹೂಂ, ತಪ್ತು' ಎನ್ನುತ್ತಿದ್ದರೆಂಬುದೂ, ಕೋಟೆಯ ಪಾರಿವಾಳಗಳು ಅವರಿಗೆ ಅಂಜಿ ಎರಡನೆಯ ಅಕ್ಷರ ಸರಿಪಡಿಸಿಕೊಂಡೇ ಗುಟುರು ಹಾಕುತ್ತಿದ್ದವೆಂಬುದೂ ಈ ಸೀಮೆಯ ಸಾಹಿತ್ಯಾಸಕ್ತರೆಲ್ಲ ಬಲ್ಲ ಸಂಗತಿ. ಅರಿಯದವರು ಈ ಲೇಖಕನನ್ನು ಕೇಳಬಹುದು. ಛಂದಸ್ಸನ್ನು ಸೂತ್ರಗಳ ಮುಳ್ಳುಬೇಲಿಯಿಂದ ಬಿಡಿಸಿ ಕಿವಿಗೆ ಮರಳಿಸಿದ ಬೋಧಕರಲ್ಲಿ ಅವರದು ಮೊದಲ ಹೆಸರು. ಅವರ ಶಿಷ್ಯರಲ್ಲಿ ಮೊದಲ ಹೆಸರು ಯಾರದೆಂದು ಹೇಳಲು ಈ ಲೇಖಕನಿಗೆ ವಿನಯ ಅಡ್ಡ ಬರುತ್ತದೆ.

ಕಮಲಾಪುರದ ಸಂತೆಯೇ ಅವರ ಮೊದಲ ಪಾಠಶಾಲೆ. ತಾಯಿ ಅಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಿದ್ದರು. ಆ ಕೂಗನ್ನು ಪುತಳಾಬಾಯಿಯವರು ತರಗತಿಯಲ್ಲಿ ಯಾವ ಸಂಕೋಚವೂ ಇಲ್ಲದೆ ಕೂಗಿ ತೋರಿಸುತ್ತಿದ್ದರು: "ಕೆಂಪು ನೋಡ್ರೆವ್ವಾ, ತಂಪು ತಿನ್ರೆವ್ವಾ, ಸೊಂಪು ಗೊನಿ ಬಂದಾವ!" ಆಮೇಲೆ ನಗುತ್ತ, "ಮೂರೂ ಮಾತಿನಾಗ ಎರಡನೇ ಅಕ್ಷರ ಒಂದೇ, ಅದರ ಹಿಂದ ಸೊನ್ನಿ. ಶಾಸ್ತ್ರದಾಗ ಇದಕ್ಕ ವೃಷಭಪ್ರಾಸ ಅಂತಾರ. ಒಂದು ಎತ್ತೂ ಇಲ್ಲದ ಮನ್ಯಾಗ ನಮ್ಮವ್ವ ವೃಷಭ ಸಾಕಿದ್ಳು ನೋಡ್ರಿ!" ಎನ್ನುತ್ತಿದ್ದರು.

ಪದ್ಯವನ್ನು ಹಲಗೆಯ ಮೇಲೆ ಬರೆಯುವ ಮೊದಲು ಎಲ್ಲರೂ ಕಣ್ಣು ಮುಚ್ಚಬೇಕು, ಒಬ್ಬರು ಓದಬೇಕು, ಪ್ರಾಸಾಕ್ಷರ ಬಂದಲ್ಲಿ ಉಳಿದವರು ಅಂಗೈಯಿಂದ ಬೆಂಚು ತಟ್ಟಬೇಕು. ಅವರೂ ಕಣ್ಣು ಮುಚ್ಚಿ ಮೇಜು ತಟ್ಟುವರು. ಇದು ಅವರ ಪದ್ಧತಿ. ತಂದೆಯನ್ನು ಕಳೆದುಕೊಂಡು ಮರಳಿ ತರಗತಿಗೆ ಬಂದ ದಿನ ಓದುವ ಸರದಿ ಈ ಲೇಖಕನದಾಗಿತ್ತು. ಒಂದು ಸಾಲು ಮುಗಿಯುವಷ್ಟರಲ್ಲಿ ಗಂಟಲು ಕಟ್ಟಿತು. ಅವರು ಕೂರು ಎನ್ನಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮೇಜಿನ ಮೇಲೆ ಅಂಗೈ ಮೆಲ್ಲಗೆ ಬೀಳುತ್ತಲೇ ಇತ್ತು. "ಲಯ ನಾ ಹಿಡಿದೀನಿ. ದನಿ ಬಂದಾಗ ಬರ್ಲಿ, ಅವಸರಿಲ್ಲ" ಎಂದರು. ದನಿ ಬಂತು. ಈ ಲೇಖಕ ಮುಂದೆ ಅದೇ ವಿಭಾಗದಲ್ಲಿ ಅಧ್ಯಾಪಕನಾದದ್ದು, ಉಳಿದವರು ಏನೇ ಹೇಳಲಿ, ಆ ಅಂಗೈಯಿಂದ.

ನಿವೃತ್ತಿಯ ಹೊತ್ತಿಗೆ ಅವರ ಕಿವಿ ಎಷ್ಟು ಚುರುಕಾಗಿತ್ತೆಂದರೆ, ಬಾವಲಿಗೂ ಅಸೂಯೆಯಾಗಬೇಕು. ಬೀಳ್ಕೊಡುಗೆಯ ಸಭೆಯಲ್ಲಿ ಈ ಲೇಖಕ ಅವರ ಮೇಲೆ ತಾನೇ ಕಟ್ಟಿದ ಆರು ಸಾಲಿನ ಷಟ್ಪದಿ ಓದಿದಾಗ, ಐದನೆಯ ಸಾಲಿನ ಪ್ರಾಸದೋಷವನ್ನು ಅವರು ವೇದಿಕೆಯಲ್ಲೇ ಹಿಡಿದು ತಿದ್ದಿದರು. ಸಭೆ ಬೆರಗಾಯಿತು.

ಈ ಅಭಿನಂದನ ಲೇಖನದ ಕರಡು ಪ್ರತಿ ಇಲ್ಲಿಗೆ ಮುಗಿದಿತ್ತು. ಆಯುರಾರೋಗ್ಯದ ಹಾರೈಕೆಯೊಂದು ಬಾಕಿಯಿತ್ತು. ಅಚ್ಚಿಗೆ ಹೋಗುವ ಮುನ್ನ ಅವರು ಒಮ್ಮೆ ಕಣ್ಣಾಡಿಸಲೆಂದು ಈ ಲೇಖಕ ಅದನ್ನು ಕುಸನೂರಿನ ಅವರ ಮನೆಗೆ ಕೊಟ್ಟುಬಂದ. ಮರುದಿನ ಹೋದಾಗ ಅವರು ಕರಡನ್ನು ಮಡಿಲಲ್ಲಿಟ್ಟುಕೊಂಡು ನಗುತ್ತಿದ್ದರು.

"ಶಿವಶರಣ, ಪಾರಿವಾಳನೂ ಬಿಡಲಿಲ್ಲೇನೋ ನೀ?"

ಆಮೇಲೆ ನಗು ನಿಂತಿತು. ಪಕ್ಕದಲ್ಲಿದ್ದ ಪಾಟಿಯನ್ನೂ ಬಳಪವನ್ನೂ ಮುಂದೆ ಸರಿಸಿದರು. "ಆ ಐದನೇ ಸಾಲು ನಂಗ ನೆನಪಾಗವಲ್ದು. ಬರದು ತೋರ್ಸು. ನಾ ತಿದ್ದೀನಿ ಅಂದ್ರ ನಂಗ ಅವತ್ತು ಒಂದಿಷ್ಟರ ಕೇಳಿರಬೇಕಲ್ಲ?"

ಬಾಗಿಲಲ್ಲಿ ಚಹಾ ಹಿಡಿದು ನಿಂತ ಮಗಳು ಗೌತಮಿ ಮೆಲ್ಲಗೆ, "ಬರೀರಿ ಸರ. ಮುಂಜಾನಿಂದ ಅವ್ವ ಅದ ಒಂದ ಕೇಳಾಕತ್ತಾಳ" ಎಂದಳು. ಅವಳೂ ಅಂದು ಸಭೆಯಲ್ಲಿದ್ದಳು.

ಈ ಲೇಖಕ ಬರೆದ: 'ಇಂಪ ಬಿತ್ತಿದ ನಮ್ಮ ತಾಯಿಗೆ.'

ಅವರು ಬೆರಳಿಟ್ಟು ಓದಿದರು. ಎರಡನೆಯ ಅಕ್ಷರದ ಮೇಲೆ ಬೆರಳು ನಿಂತಿತು. "ನಮ್ಮವ್ವನ ಪ್ರಾಸ ಹಿಡಿದಿ. ಇದು ನೆಟ್ಟಗ ಅದ ಅಲ್ಲೇನೋ! ಇದರಾಗ ನಾ ಏನ್ ತಿದ್ದಿದೆ?"

ಕರಡಿನ ಸುಳ್ಳು ಉಳಿಸಿಕೊಳ್ಳಲಾದರೂ ಒಂದು ದೋಷ ಇಟ್ಟು ಬರೆಯಬಹುದಿತ್ತು. ಅವರೆದುರು ತಪ್ಪು ಪ್ರಾಸ ಬರೆಯಲು ಕೈ ಬರಲಿಲ್ಲ. ಸಾಲನ್ನು ಒರೆಸಿ, ನಡೆದದ್ದನ್ನು ಬರೆದ: 'ನೀವು ತಿದ್ದಲಿಲ್ಲ ಮೇಡಂ. ನಾನು ಓದಲಿಲ್ಲ. ಮೂರನೇ ಸಾಲಿಗೆ ಗಂಟಲು ಕಟ್ಟಿತು.'

ಅಂದು ಅವರ ಪದ್ಧತಿಯಂತೆ ಸಭೆಯೆಲ್ಲ ಕಣ್ಣು ಮುಚ್ಚಿತ್ತು. ದನಿ ನಿಂತದ್ದು ಕೇಳಿ ಒಬ್ಬೊಬ್ಬರೇ ಕಣ್ಣು ತೆರೆದರು. ಪುತಳಾಬಾಯಿಯವರು ತೆರೆಯಲಿಲ್ಲ. ಆ ನಿಶ್ಶಬ್ದದಲ್ಲಿ ಅವರ ಅಂಗೈ ನಾಲ್ಕು, ಐದು, ಆರನೆಯ ಸಾಲುಗಳನ್ನು ಒಂದು ಮಾತ್ರೆಯೂ ತಪ್ಪದೆ ತಟ್ಟಿ ಮುಗಿಸಿತು. ಹಿಂದಿನಂತೆ ತನಗಾಗಿ ಲಯ ಹಿಡಿದಿದ್ದಾರೆಂದೇ ಈ ಲೇಖಕ ಒಂದು ಗಳಿಗೆ ನಂಬಿದ. ಅವರು ಕಣ್ಣು ತೆರೆದು, "ಛಂದ ಓದಿದೆಪಾ" ಎಂದರು.

ಪಾಟಿಯ ಮೇಲೆ ಬರೆದದ್ದನ್ನು ಓದಿ ಅವರು ಕೇಳಿದರು: "ನನ್ನ ಕೈ ನಡೆದಿತ್ತು?"

ಹೌದೆಂದು ತಲೆಯಾಡಿಸಿದ.

"ಎಲ್ಲಾರೂ ನೋಡಿದ್ರು?"

ಗೌತಮಿ ಮುಖ ತಿರುಗಿಸಿಕೊಂಡಳು. ಅವರಿಗೆ ಉತ್ತರ ಅಲ್ಲೇ ಸಿಕ್ಕಿತು. ಸೆರಗಿನಿಂದ ಪಾಟಿ ಒರೆಸಿದರು. ಒರೆಸಿದ ಮೇಲೂ ಒರೆಸುತ್ತಲೇ ಇದ್ದರು.

"ಅವತ್ತು ನಿನ್ನ ದನಿ ಭಾಳ ಸಣ್ಣಗಾಗ್ಯದ ಅಂತ ತಿಳಿದಿದ್ದೆ. ಪೂರಾ ನಿಂತದ ಅಂತ ತಿಳೀಲಿಲ್ಲ" ಎಂದರು. ಪಾಟಿಯನ್ನು ಇವನ ಕೈಗಿಟ್ಟು, "ಖರೇ ಬರಿ. ಪುತಳಾಬಾಯಿಗೆ ಕೇಳೂದಿಲ್ಲ ಅಂತ ಬರಿ. ಪಾರಿವಾಳ ಬೇಕಾರ ಇರ್ಲಿ. ಈಗ ಉಳಿದ ಮೂರು ಸಾಲು ಬರದು ತೋರ್ಸು" ಎಂದು ಅಂಗೈಯನ್ನು ಪಕ್ಕದ ಸ್ಟೂಲಿನ ಮೇಲಿಟ್ಟರು. ಈ ಸಲ ಕಣ್ಣು ಮುಚ್ಚಲಿಲ್ಲ.

ನಮ್ಮ ಗುರುಗಳು ನೂರು ವರ್ಷ ಬಾಳಲಿ, ಇನ್ನೂ ಎಷ್ಟೋ ಪದ್ಯಗಳು ಆ ಅಂಗೈಯಡಿ ಹಾದುಹೋಗಲಿ. ಪಾರಿವಾಳ, ಬಾವಲಿ, ಕಮಲಾಪುರದ ಒಲೆ, ಇವೆಲ್ಲ ಈ ಲೇಖಕ ಕಟ್ಟಿದ್ದು. ಅವರಿಗೆ ಈಗ ಏನೂ ಕೇಳುವುದಿಲ್ಲ. ಮೂರನೆಯ ಸಾಲಿಗೆ ನಿಂತ ಆ ಪದ್ಯವನ್ನು ದನಿಯೆತ್ತಿ ಓದಿ ಮುಗಿಸಲು ಇವನಿಗೂ ಇನ್ನೂ ಆಗಿಲ್ಲ. ಉಳಿದದ್ದನ್ನು ಬಳಪದಲ್ಲೇ ಬರೆದು ಒಪ್ಪಿಸಿದ್ದಾನೆ.