ದೀಪದ ಬುಡದಲ್ಲಿಟ್ಟ ಬ್ಲಾಕ್

ಎರಡು ವರ್ಷದ ಹಿಂದೆ, ದೀಪಾವಳಿ ಕಳೆದ ವಾರ. ನನ್ನ ಹುದ್ದೆ ಗೃಹಿಣಿ. ಶಿರಸಿಯ ಈ ಮನೆಯಲ್ಲಿ ಮೂವತ್ತೊಂದು ವರ್ಷದ ಸೇವೆ, ರಜೆಯಿಲ್ಲ. ಯಜಮಾನರ ಕುತ್ತಿಗೆಯಲ್ಲಿ ಗಂಟು ಬಂದಿತ್ತು. ಹುಬ್ಬಳ್ಳಿಯಲ್ಲಿ ಅದರ ಚೂರು ತೆಗೆದು ಬಯಾಪ್ಸಿ ಮಾಡಿದರು. ಲಿಂಫೋಮಾ, ಅಂದರೆ ದುಗ್ಧಗ್ರಂಥಿಯ ಕ್ಯಾನ್ಸರ್ ಎಂದು ತಿಳಿಯಿತು. ಯಾವ ಬಗೆಯದೆಂದು ತಿಳಿಯಲಿಲ್ಲ.

ವರದಿಯಲ್ಲಿ ಎರಡು ಹೆಸರಿದ್ದವು: ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಅಥವಾ ಬರ್ಕಿಟ್. ಆ 'ಅಥವಾ' ನೋಡಿಯೇ ನನಗೆ ಸಿಟ್ಟು ಬಂತು.

"ನೋಡ್ರಿ ಅಕ್ಕಾರ, ಜೀವಕೋಶ ಅದರಂಗೂ ಅದಾವ, ಇದರಂಗೂ ಅದಾವ. ಜೀನ್ ನೋಡಿದ ಮ್ಯಾಲೇ ಔಷಧ" ಎಂದರು ಡಾಕ್ಟರು. ರೋಗ ಬರ್ಕಿಟ್‌ನಂಥ ಜೋರಿನದಾದರೆ ಮಾಮೂಲಿ ಕೀಮೋ ಸಾಲದು. ಜೋರಿನ ಕೀಮೋ ಸುಮ್ಮನೆ ಕೊಟ್ಟರೆ ಇವರ ದುರ್ಬಲ ಹೃದಯ ತಡೆಯದು.

ಗಂಟಿನ ಚೂರನ್ನು ಮೇಣದಲ್ಲಿ ಹುದುಗಿಸಿದ್ದರು. ಅದಕ್ಕೆ ಬ್ಲಾಕ್ ಎನ್ನುತ್ತಾರೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಅದನ್ನು ಬೆಂಗಳೂರಿನ ಲ್ಯಾಬಿಗೆ ಕಳಿಸಿ ಎಂದು ಡಬ್ಬಿಯಲ್ಲಿ ಹಾಕಿ ನಮ್ಮ ಕೈಗೇ ಕೊಟ್ಟರು. ಮನೆ ಮುಟ್ಟುವಾಗ ಶನಿವಾರ ಸಂಜೆ, ಕೊರಿಯರ್ ಬಾಗಿಲು ಹಾಕಿಯಾಗಿತ್ತು.

ಲಗ್ನಪತ್ರಿಕೆಯಿರಲಿ, ಮಕ್ಕಳ ಹಾಲ್ ಟಿಕೆಟ್ ಇರಲಿ, ನಮ್ಮಲ್ಲಿ ಮೊದಲು ದೇವರ ಮುಂದೆ ಇಡುವುದು ರೂಢಿ. ಡಬ್ಬಿಯಿಂದ ಬ್ಲಾಕ್ ತೆಗೆದು ಹಿತ್ತಾಳೆ ದೀಪದ ಬುಡದಲ್ಲಿಟ್ಟು, ಚಂದಗುಳಿ ಗಣಪನಿಗೆ ಗಂಟೆ ಕಟ್ಟುವ ಹರಕೆ ಹೊತ್ತೆ. ಭಾನುವಾರವಿಡೀ ದೀಪ ಆರದಂತೆ ಎಣ್ಣೆ ಹಾಕಿದವಳೂ ನಾನೇ.

ಸೋಮವಾರ ನೋಡಿದರೆ ಮೇಣ ಒಂದು ಕಡೆ ಕುಸಿದು, ಚೂರಿನ ಅಂಚು ಹೊರಗೆ ಕಾಣುತ್ತಿತ್ತು.

"ಎಂತ ಮಾರಾಯ್ತಿ, ಯನ್ನ ಗಂಟಿಗೂ ಆರತಿ ಮಾಡಿ ಆತನೆ?" ಎಂದು ನಕ್ಕರು ಇವರು.

"ನೆಗ್ಯಾಡಡಿ. ಯಂಗೆ ಕೈಕಾಲೇ ಆಡ್ತಿಲ್ಲೆ."

ಹಾಗೆಯೇ ಕಳಿಸಿದೆವು. ಲ್ಯಾಬಿನ ಹುಡುಗಿ ಫೋನು ಮಾಡಿದಳು: "ಮತ್ತೆ ಮೇಣದಲ್ಲಿ ಕೂರಿಸಿ ನೋಡ್ತೀವಿ ಆಂಟಿ, ತಡ ಆಗುತ್ತೆ. ರಿಸಲ್ಟ್ ಬಂದೇ ಬರುತ್ತೆ ಅನ್ನೋಕಾಗಲ್ಲ." ಬರದಿದ್ದರೆ ಮತ್ತೆ ಕುತ್ತಿಗೆ ಕೊಯ್ಯಬೇಕು. ದಿನವೂ ಫೋನು ಮಾಡಿದೆ; ದಿನವೂ 'ಪೆಂಡಿಂಗ್'. ಆ ಪದ ಕೇಳಿದರೆ ಇವತ್ತಿಗೂ ಮೈ ಉರಿಯುತ್ತದೆ. ಅಷ್ಟರಲ್ಲಿ ಗಂಟು ಬೆಳೆದು ಇವರ ಅಂಗಿಯ ಮೇಲಿನ ಗುಂಡಿ ಹಾಕಲು ಬಾರದಾಯಿತು.

ಹನ್ನೆರಡನೆಯ ದಿನ ಉತ್ತರ ಬಂತು. ಮಿಕ್ ಮತ್ತು ಬಿಸಿಎಲ್-2 ಎಂಬ ಎರಡು ಜೀನ್‌ಗಳು ಜಾಗ ತಪ್ಪಿದ್ದವು. ಬರ್ಕಿಟ್ ಅಲ್ಲ, ಮಾಮೂಲಿ ಲಾರ್ಜ್ ಬಿ-ಸೆಲ್ ಕೂಡ ಅಲ್ಲ. 'ಡಬಲ್ ಹಿಟ್' ಎಂಬ ಬೇರೆಯೇ ಬಗೆ. ಜೋರಿನ ಕೀಮೋವೇ ಬೇಕಾಯಿತು. ಹೃದಯ ನೋಡಿಕೊಳ್ಳುತ್ತಾ ಆರು ಸುತ್ತು ಕೊಟ್ಟರು. ಚೂರು ಕೆಡಲಿಲ್ಲ, ಎರಡನೇ ಸಲ ಕೊಯ್ಯಲಿಲ್ಲ, ಕಳೆದ ಸ್ಕ್ಯಾನಿನಲ್ಲಿ ಗಂಟಿಲ್ಲ. ಇಷ್ಟು ದೇವರು ಕೊಟ್ಟದ್ದು.

ಆದರೆ ಹೆಚ್ಚಿಗೆ ಹೋದ ದಿನಗಳು ನನ್ನವು. ಬಿಸಿ ತಾಗಿಸಬೇಡಿ ಎಂದು ಡಬ್ಬಿಯ ಮೇಲೆ ಯಾರಾದರೂ ಬರೆಯಬಹುದಿತ್ತು, ನಿಜ. ನಾನೂ ಕೇಳಬಹುದಿತ್ತು. ಉಪ್ಪಿನಕಾಯಿ ಭರಣಿ ಎಲ್ಲಿಡಬೇಕೆಂದು ಅತ್ತೆಯನ್ನು ಹತ್ತು ಸಲ ಕೇಳಿ ಈ ಕೆಲಸ ಕಲಿತವಳು ನಾನು. ಗಂಡನ ಗಂಟಿನ ಚೂರು ಎಲ್ಲಿಡಬೇಕೆಂದು ಒಬ್ಬರನ್ನೂ ಕೇಳಲಿಲ್ಲ.